ಹೆಸರು ಕೊಟ್ಟರೆ ಸ್ಟ್ರಕ್ಚರ್ ಬರೆಯೋದು ಎಲ್ಲಿಂದ ಶುರು ಮಾಡಬೇಕು?

ಶಿರಸಿ, ಪಿಯು ಎರಡನೇ ವರ್ಷ:
ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಸಂಯುಕ್ತದ ಸ್ಟ್ರಕ್ಚರ್ ಕೊಟ್ಟರೆ ಹೆಸರು ಹೇಗೋ ಬರೆಯುತ್ತೇನೆ. ಹೆಸರು ಕೊಟ್ಟು ಸ್ಟ್ರಕ್ಚರ್ ಕೇಳಿದರೆ ಕೈಯೇ ಓಡುವುದಿಲ್ಲ. 4-ಮೀಥೈಲ್‌ಪೆಂಟ್-3-ಈನ್-2-ಓನ್, ಇಂಥದ್ದಕ್ಕೆ ಏನು ಮಾಡುವುದು? ನೀವೆಲ್ಲ ಹೇಗೆ ಕಲಿತಿರಿ?

ಕುಮಟಾ, ಮನೆಯಲ್ಲಿ ಟ್ಯೂಷನ್ ಹೇಳುತ್ತೇನೆ:
ತಂಗೀ, ಹೆಸರಿನ ಬಾಲದಿಂದ, ಅಂದರೆ ಕೊನೆಯ ಭಾಗದಿಂದ ಶುರು ಮಾಡು. ನನ್ನ ಹತ್ತಿರ ಬರುವ ಮಕ್ಕಳೂ ಮೊದಲು ಕಂಡ ಮೀಥೈಲನ್ನೇ ಹಿಡಿದುಕೊಂಡು ಕೂರುತ್ತಾರೆ. ಚೈನೇ ಬರೆಯದೆ ಅದನ್ನು ಎಲ್ಲಿಗೆ ಸೇರಿಸುತ್ತೀ? 'ಪೆಂಟ್' ಅಂದರೆ ಐದು ಕಾರ್ಬನ್. ಸಾಲಾಗಿ ಬರೆದು ನಂಬರ್ ಹಾಕು. '2-ಓನ್' ಇದೆ, ಎರಡನೇ ಕಾರ್ಬನ್‌ಗೆ ಡಬಲ್ ಬಾಂಡ್ ಹಾಕಿ ಆಕ್ಸಿಜನ್ ಬರಿ. '3-ಈನ್' ಇದೆ, 3 ಮತ್ತು 4ರ ನಡುವೆ ಡಬಲ್ ಬಾಂಡ್. ಆಮೇಲೆ 4ಕ್ಕೆ ಮೀಥೈಲ್, ಅಂದರೆ ಒಂದು ಕಾರ್ಬನ್ನಿನ ಗುಂಪು. ಹೈಡ್ರೋಜನ್ ಕಟ್ಟಕಡೆಗೆ, ಪ್ರತಿ ಕಾರ್ಬನ್‌ಗೂ ನಾಲ್ಕು ಬಾಂಡ್ ತುಂಬುವಷ್ಟು. ಇಲ್ಲಿ 2ಕ್ಕೂ 4ಕ್ಕೂ ಒಂದೂ ಬೇಡ, 3ಕ್ಕೆ ಒಂದೇ ಸಾಕು. ಒಟ್ಟು 6 ಕಾರ್ಬನ್, 10 ಹೈಡ್ರೋಜನ್, 1 ಆಕ್ಸಿಜನ್ ಬಂತಾ ನೋಡು.

ಅಂಕೋಲಾ, ಔಷಧ ಕಂಪನಿಯ ಲ್ಯಾಬಿನಲ್ಲಿದ್ದೆ:
ಅಕ್ಕ ಹೇಳಿದ್ದು ಸರಿ. ಆದರೆ ಆಸಿಡ್ ಬಂದಾಗ ಹುಷಾರು. 'ಬ್ಯೂಟನೋಯಿಕ್ ಆಸಿಡ್' ಅಂದರೆ ಆಸಿಡ್‌ನ ಕಾರ್ಬನ್ ಕೂಡ ಆ ನಾಲ್ಕರಲ್ಲೇ ಸೇರಿತು. 'ಕಾರ್ಬಾಕ್ಸಿಲಿಕ್ ಆಸಿಡ್' ಅಂತಿದ್ದರೆ ಅದು ಚೈನಿನ ಹೊರಗೆ. ನಿಂಬೆಹಣ್ಣಿನ ಸಿಟ್ರಿಕ್ ಆಸಿಡ್ ನೋಡಿ: 2-ಹೈಡ್ರಾಕ್ಸಿಪ್ರೋಪೇನ್-1,2,3-ಟ್ರೈಕಾರ್ಬಾಕ್ಸಿಲಿಕ್ ಆಸಿಡ್. ಹೆಸರು ಇಷ್ಟುದ್ದ, ಚೈನ್ ಮಾತ್ರ ಮೂರೇ ಕಾರ್ಬನ್ನಿನದು. ಒಂದೊಂದಕ್ಕೂ ಒಂದೊಂದು ಆಸಿಡ್ ಗುಂಪು (COOH), ನಡುವಿನದಕ್ಕೆ ಓಎಚ್ (ಹೆಸರಿನಲ್ಲಿರುವ 'ಹೈಡ್ರಾಕ್ಸಿ'). ಒಟ್ಟು ಆರು ಕಾರ್ಬನ್. ಒಂದನೇ ಕಾರ್ಬನ್‌ಗೆ ಇನ್ನೊಂದು ಓಎಚ್ ಹಾಕಿದರೆ ನಮ್ಮ ಮುರುಗಲು ಹಣ್ಣಿನ ಹೈಡ್ರಾಕ್ಸಿಸಿಟ್ರಿಕ್ ಆಸಿಡ್ ಸಿದ್ಧ. ಎರಡನ್ನೂ ಅಕ್ಕಪಕ್ಕ ಬರೆದರೆ ಮತ್ತೆ ಮರೆಯುವುದಿಲ್ಲ.

ಕಾರವಾರ, ಬಿಎಸ್ಸಿ:
ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಇದ್ದವರಿಗೆ ಒಂದು ಮಾತು. ಕ್ಲಾಸಿನಲ್ಲಿ 'ಪ್ರೊಪನಾಲ್' ಅಂದಾಗ ಆಲ್ಕೋಹಾಲೋ ಆಲ್ಡಿಹೈಡೋ ಕಿವಿಗೆ ಗೊತ್ತೇ ಆಗುವುದಿಲ್ಲ. ಪುಸ್ತಕದ ಸ್ಪೆಲ್ಲಿಂಗ್ ನೋಡಿ. ಕೊನೆಯ 'ಎಲ್' (l) ಹಿಂದೆ 'ಓ' (o) ಇದ್ದರೆ ಆಲ್ಕೋಹಾಲ್, 'ಎ' (a) ಇದ್ದರೆ ಆಲ್ಡಿಹೈಡ್. ಮತ್ತೆ, ಅಂಕುಡೊಂಕು ಗೆರೆಯ ಸ್ಟ್ರಕ್ಚರ್ ಈಗಲೇ ಬೇಡ. ಮೊದಲು ಎಲ್ಲ ಕಾರ್ಬನ್ ಬರೆದೇ ರೂಢಿ ಆಗಲಿ. ಪಬ್‌ಕೆಮ್ ಅನ್ನುವ ಕೆಮಿಸ್ಟ್ರಿ ವೆಬ್‌ಸೈಟಿನಲ್ಲಿ ಹೆಸರು ಹಾಕಿದರೆ ಚಿತ್ರ ಸಿಗುತ್ತದೆ, ಆದರೆ ನೀವು ಬರೆದು ಮುಗಿಸಿದ ಮೇಲೆ ತೆರೆಯಿರಿ. ಮೊದಲೇ ನೋಡಿದರೆ ಸುಮ್ನೆ ನಕಲು ಮಾಡಿದಂತೆ, ಅಲ್ವಾ?

ಶಿರಸಿ:
ಸಿಟ್ರಿಕ್ ಆಸಿಡ್ ಬಂತು! ಲವಂಗದ ಯೂಜಿನಾಲ್‌ನಲ್ಲಿ ಬ್ರಾಕೆಟ್ ಇದೆಯಲ್ಲ? 2-ಮೀಥಾಕ್ಸಿ-4-(ಪ್ರಾಪ್-2-ಈನ್-1-ಐಲ್)ಫೀನಾಲ್. ಇದರಲ್ಲಿ 2 ಎರಡು ಸಲ ಬಂದಿದೆ.

ಕುಮಟಾ:
ಬ್ರಾಕೆಟ್ ಒಳಗಿನ ಲೆಕ್ಕವೇ ಬೇರೆ. ಹೊರಗಿನ 2 ಮತ್ತು 4 ಫೀನಾಲ್‌ನ ಆರು ಕಾರ್ಬನ್ ರಿಂಗಿನವು, ಓಎಚ್ ಇರುವ ಕಾರ್ಬನ್ 1. ಬ್ರಾಕೆಟ್ ಒಳಗೆ ಮೂರು ಕಾರ್ಬನ್‌ನ ಸಣ್ಣ ಚೈನ್. '1-ಐಲ್' ಅಂದರೆ ಅದರ ಒಂದನೇ ಕಾರ್ಬನ್ ರಿಂಗಿಗೆ ಸೇರುತ್ತದೆ. ಡಬಲ್ ಬಾಂಡ್ ಅದರ 2 ಮತ್ತು 3ರ ನಡುವೆ. ಆ ಚೈನನ್ನು ಪಕ್ಕದಲ್ಲಿ ಬೇರೆ ಬರೆದುಕೊಂಡು ಆಮೇಲೆ ರಿಂಗಿನ 4ಕ್ಕೆ ಸೇರಿಸು.