ಮನೀಷಾ ಸುದ್ದಿಗೆ ನಮ್ಮ ‘ಮನೆ ಮಂದಿ’ ಗುಂಪಿನಲ್ಲಿ ಆದ ಜಗಳ

ಭಾನುವಾರ, ರಾತ್ರಿ ಊಟದ ಹೊತ್ತು

ನಾನು: (ಫಾರ್ವರ್ಡ್ ಮಾಡಿದ ಸುದ್ದಿ, ಜೊತೆಗೆ ಮನೀಷಾ ಕಲ್ಯಾಣ್ ಫೋಟೊ)

ನಾನು: ಎಲ್ಲರೂ ಓದಿ. ಫುಟ್‌ಬಾಲ್ ಆಟಗಾರ್ತಿ ಮನೀಷಾ. ಪಂಜಾಬಿನ ಹೋಶಿಯಾರ್‌ಪುರ ಜಿಲ್ಲೆಯ ಹಳ್ಳಿ ಹುಡುಗಿ, ಹುಟ್ಟಿದ್ದು 2001ರಲ್ಲಿ. ಮೊದಲು ಆಡಿದ ಕ್ಲಬ್ಬು ಮಧುರೈನ ಸೇತು ಎಫ್‌ಸಿ, ಆಮೇಲೆ ಗೋಕುಲಂ ಕೇರಳ. ಅಲ್ಲಿಂದ ಸೈಪ್ರಸ್‌ನ ಅಪೊಲೊನ್, ಗ್ರೀಸ್‌ನ ಪಾವೊಕ್, 2025ರಲ್ಲಿ ಪೆರು ದೇಶದ ಅಲಿಯಾಂಜಾ ಲಿಮಾ. ಯುರೋಪಿನ ಕ್ಲಬ್ಬುಗಳ ದೊಡ್ಡ ಟೂರ್ನಿ, ಮಹಿಳಾ ಚಾಂಪಿಯನ್ಸ್ ಲೀಗ್‌ನಲ್ಲಿ ಆಡಿದ ಮೊದಲ ಭಾರತೀಯಳು ಇವಳೇ.

ಅಣ್ಣ: ಡ್ಯೂಟಿಯಲ್ಲಿದ್ದೇನೆ. ಆಮೇಲೆ ಓದುತ್ತೇನೆ.

ಕಾಕಾ: ಓದಿದೆ. ಹುಡುಗಿ ದೊಡ್ಡ ಸಾಧನೆ ಮಾಡಿದ್ದಾಳೆ, ಎರಡು ಮಾತಿಲ್ಲ. ಆದರೆ ನೀನು ಇದನ್ನು ಯಾಕೆ ಹಾಕಿದೆ ಅಂತ ನನಗೆ ಗೊತ್ತಪ್ಪಾ. ಪುಟ್ಟಿಯನ್ನು ಬೆಂಗಳೂರಿನ ಫುಟ್‌ಬಾಲ್ ಸೆಲೆಕ್ಷನ್‌ಗೆ ಕಳಿಸಬೇಕು ಅಂತ ತಾನೆ? ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಗಣಿತದಲ್ಲಿ ಈಗಲೇ ಹಿಂದೆ ಬಿದ್ದಿದ್ದಾಳೆ.

ನಾನು: ಹೌದು ಕಾಕಾ, ಅದಕ್ಕೇ ಹಾಕಿದ್ದು. ಮುಚ್ಚಿಡೋದು ಏನಿದೆ?

ಕಾಕಾ: ಹಾಗಾದರೆ ನಾನೂ ಮುಚ್ಚಿಡದೆ ಹೇಳುತ್ತೇನೆ. ಬ್ಯಾಂಕಿನಲ್ಲಿ 34 ವರ್ಷ ಕೆಲಸ ಮಾಡಿದವನು ನಾನು, ಮೊದಲು ಲೆಕ್ಕ ನೋಡುತ್ತೇನೆ. 2023ರಲ್ಲಿ ಫುಟ್‌ಬಾಲ್ ಫೆಡರೇಶನ್ ಒಂದು ನಿಯಮ ತಂದಿತು. ಮಹಿಳಾ ಲೀಗ್‌ನ ಕ್ಲಬ್ಬು ಕನಿಷ್ಠ 10 ಆಟಗಾರ್ತಿಯರಿಗೆ ವರ್ಷಕ್ಕೆ ಕಡಿಮೆ ಅಂದರೆ 3.2 ಲಕ್ಷ ಕೊಡಬೇಕು. ತಿಂಗಳಿಗೆ 27 ಸಾವಿರವೂ ಬೀಳುವುದಿಲ್ಲ. ಅದೂ ದೇಶದ ದೊಡ್ಡ ಲೀಗ್‌ನಲ್ಲಿ. ಹನ್ನೊಂದನೆಯವಳ ಗತಿ ಏನು? ಮೊಣಕಾಲು ಮುರಿದರೆ ಏನು? ಮನೀಷಾ ಪೆರುವಿನವರೆಗೆ ಹೋಗಿದ್ದೇ ಇಲ್ಲಿ ಸಾಲದು ಅಂತ ಅಲ್ವಾ?

ಕಾಕಾ: ಇನ್ನೊಂದು. 2022ರ ಆಗಸ್ಟ್‌ನಲ್ಲಿ ಫಿಫಾ ನಮ್ಮ ಫೆಡರೇಶನ್ನನ್ನೇ ಅಮಾನತು ಮಾಡಿತು. ಏಷ್ಯಾದ ಕ್ಲಬ್ ಟೂರ್ನಿಗೆ ಅಂತ ಗೋಕುಲಂ ಹುಡುಗಿಯರು ಆಗಲೇ ತಾಷ್ಕೆಂಟ್ ತಲುಪಿದ್ದರು. ಒಂದು ಪಂದ್ಯವನ್ನೂ ಆಡದೆ ವಾಪಸ್ ಬಂದರು. ಆ ಮಕ್ಕಳ ತಪ್ಪೇನಿತ್ತು? ಇಂಥ ಕಡೆ ನಮ್ಮ ಮಗುವನ್ನು ಬಿಡಬೇಕಾ?

ನಾನು: ತಾಷ್ಕೆಂಟ್ ಮಾತು ನಿಜ, ನನಗೂ ಹೊಟ್ಟೆ ಉರಿದಿತ್ತು. ಆದರೆ ಅದೇ ವಾರ, ಆಗಸ್ಟ್ 18ಕ್ಕೆ, ಮನೀಷಾ ಅಪೊಲೊನ್ ಪರವಾಗಿ ಚಾಂಪಿಯನ್ಸ್ ಲೀಗ್‌ನಲ್ಲಿ ಮೈದಾನಕ್ಕೆ ಇಳಿದಳು. ಹಿಂದಿನ ಸೀಸನ್ ಅದೇ ಗೋಕುಲಂ ಜೊತೆ ಲೀಗ್ ಗೆದ್ದವಳು ಅವಳು. 60ನೇ ನಿಮಿಷಕ್ಕೆ ಬದಲಿಯಾಗಿ ಬಂದಳು. ಎದುರಿಗೆ ಲಾಟ್ವಿಯಾದ ರಿಗಾ ತಂಡ. ಅಪೊಲೊನ್ 3-0 ಗೆದ್ದಿತು.

ವೈನಿ: ಪುಟ್ಟಿ ನನ್ನ ಪಕ್ಕದಲ್ಲೇ ಕೂತು ಎಲ್ಲ ಓದುತ್ತಿದ್ದಾಳೆ. ಸ್ವಲ್ಪ ನೋಡಿ ಬರೆಯಿರಿ.

ನಾನು: ಓದಲಿ ವೈನಿ. ಪುಟ್ಟಿ, ಬ್ರೆಜಿಲ್ ಗೋಲಿನ ವಿಡಿಯೊ ನೋಡಿದ್ದೀಯಲ್ಲ? ಅದನ್ನು ಕಾಕಾ ಅವರಿಗೂ ಹೇಳುತ್ತೇನೆ. 2021ರ ನವೆಂಬರ್, ಬ್ರೆಜಿಲ್‌ನ ಮನಾಸ್ ಊರು, ಭಾರತ-ಬ್ರೆಜಿಲ್ ಪಂದ್ಯ. ಏಳು ವಿಶ್ವಕಪ್ ಆಡಿದ ಬ್ರೆಜಿಲ್ ಆಟಗಾರ್ತಿ ಫೋರ್ಮಿಗಾಗೆ ಅದು ವಿದಾಯದ ಪಂದ್ಯ. ಮೊದಲ ನಿಮಿಷಕ್ಕೇ ನಮ್ಮ ಮೇಲೆ ಗೋಲು ಬಿತ್ತು. ಯಾರಿಗಾದರೂ ಎದೆ ಧಸಕ್ ಅನ್ನಬೇಕು. ಎಂಟನೇ ನಿಮಿಷಕ್ಕೆ ಮನೀಷಾ ಓಡಿ ಹೋಗಿ ಗೋಲು ಹೊಡೆದು 1-1 ಮಾಡಿದಳು. ಅವಳಿಗೆ 20 ತುಂಬಲು ಇನ್ನೂ ಎರಡು ದಿನ ಬಾಕಿ ಇತ್ತು!

ಕಾಕಾ: ಕೊನೆಗೆ ಎಷ್ಟಾಯಿತು?

ನಾನು: 6-1. ಸೋತೆವು.

ಕಾಕಾ: ಅದನ್ನೂ ಹೇಳಬೇಕು.

ನಾನು: ಹೇಳಿದೆನಲ್ಲ ಕಾಕಾ. ಇದನ್ನೂ ಕೇಳಿ. 2025ರ ಜುಲೈ 5ಕ್ಕೆ ಇದೇ ಭಾರತ ತಂಡ ಥಾಯ್ಲೆಂಡ್‌ನಲ್ಲಿ ಥಾಯ್ಲೆಂಡನ್ನೇ 2-1 ಸೋಲಿಸಿತು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಹೊಡೆದದ್ದು. ಅರ್ಹತಾ ಸುತ್ತು ಆಡಿ, ಗೆದ್ದು ಏಷ್ಯಾ ಕಪ್‌ಗೆ ಹೋಗಿದ್ದು ಅದೇ ಮೊದಲು.

ಕಾಕಾ: ಸಂತೋಷ. ಆದರೆ ಆ ತಂಡದಲ್ಲಿ ಇಪ್ಪತ್ತು ಚಿಲ್ಲರೆ ಹುಡುಗಿಯರು. ದೇಶದಲ್ಲಿ ಆಡುವವರು ಎಷ್ಟು ಸಾವಿರ? ಉಳಿದವರು ಎಲ್ಲಿ ಹೋದರು ಅಂತ ಯಾವ ಫಾರ್ವರ್ಡ್‌ನಲ್ಲೂ ಬರುವುದಿಲ್ಲ.

ನಾನು: ಕಾಕಾ, ಮೊನ್ನೆ ಮಳೆ ಬಂದ ದಿನ ಪುಟ್ಟಿಯನ್ನು ಗ್ರೌಂಡಿನಿಂದ ನಾನೇ ಕರೆದುಕೊಂಡು ಬಂದೆ. ಬೂಟಿನ ಸ್ಟಡ್ಡುಗಳ ನಡುವೆ ಎರೆ ಮಣ್ಣು ಇಡ್ಲಿಯಷ್ಟು ದಪ್ಪ ಮೆತ್ತಿತ್ತು. ಮೆಟ್ಟಿಲ ಮೇಲೆ ಕೂತು ಹಳೇ ಚಮಚದಿಂದ ಒಂದೊಂದೇ ಸ್ಟಡ್ಡು ಕೆರೆದಳು, ಪೇಪರ್ ತುರುಕಿ ಒಣಗಲು ಇಟ್ಟಳು. ಅರ್ಧ ಗಂಟೆ ಆಯಿತು. ಯಾರೂ ಹೇಳಿರಲಿಲ್ಲ. ಗಣಿತ ಮಾಡು ಅಂತ ಹತ್ತು ಸಲ ಹೇಳಬೇಕು, ಅದು ನನಗೂ ಗೊತ್ತು.

ಅತ್ಯಾ: ಗದಗದಿಂದ ನಾನು. ಎಲ್ಲ ಓದಿದೆ. ಟೈಪ್ ಮಾಡಲು ಹೊತ್ತು ಹಿಡಿಯುತ್ತದೆ, ನಡುವೆ ಯಾರೂ ಬರೆಯಬೇಡಿ.

ಅತ್ಯಾ: ತಮ್ಮಾ, ಈ ಮನೀಷಾ ಮೊದಲು ಓಟದ ಹುಡುಗಿಯಂತೆ. ಶಾಲೆಯ ಪಿಟಿ ಮಾಸ್ತರು ಫುಟ್‌ಬಾಲ್ ಆಡ್ತೀಯಾ ಅಂತ ಕೇಳಿದರಂತೆ. ನಾನೂ ಓಡುತ್ತಿದ್ದೆ. ಆಗ ಗದಗ ಇನ್ನೂ ಧಾರವಾಡ ಜಿಲ್ಲೆಯಲ್ಲೇ ಇತ್ತು. ತಾಲ್ಲೂಕಿಗೆ 200 ಮೀಟರ್‌ನಲ್ಲಿ ಮೊದಲು ಬಂದೆ. ಜಿಲ್ಲಾ ಮಟ್ಟದ ಓಟ ಧಾರವಾಡದಲ್ಲಿ. ಹಿಂದಿನ ರಾತ್ರಿ ಕ್ಯಾನ್ವಾಸ್ ಬೂಟು ತೊಳೆದು, ಸೀಮೆಸುಣ್ಣ ತಿಕ್ಕಿ ಬೆಳ್ಳಗೆ ಮಾಡಿ ಕಿಟಕಿಯಲ್ಲಿ ಇಟ್ಟೆ. ಅವ್ವನಿಗೆ ಐದಕ್ಕೆ ಎಬ್ಬಿಸು ಅಂದಿದ್ದೆ. ಎದ್ದಾಗ ಅಂಗಳದಲ್ಲಿ ಬಿಸಿಲು ಬಿದ್ದಿತ್ತು. ಬಸ್ಸು ಹೋಗಿಬಿಟ್ಟಿತ್ತು. ನಿನಗೆ ಆಗ ಎಂಟು ವರ್ಷ, ನೆನಪಿರಲಿಕ್ಕಿಲ್ಲ.

ಅತ್ಯಾ: ನಾನು ಓಡಿದ್ದರೆ ಸೋಲುತ್ತಿದ್ದೆನೋ ಏನೋ. ಧಾರವಾಡದ ಹುಡುಗಿಯರು ಜೋರಿದ್ದರು. ಸೋತು ಬಂದಿದ್ದರೆ ಆವತ್ತೇ ಮರೆಯುತ್ತಿದ್ದೆ. ಈಗ 64 ನನಗೆ. ಬೆಳಗ್ಗೆ ಐದಕ್ಕೆ ತಾನಾಗಿಯೇ ಎಚ್ಚರ ಆಗುತ್ತದೆ.

(ಹನ್ನೆರಡು ನಿಮಿಷ ಯಾರೂ ಏನೂ ಬರೆಯಲಿಲ್ಲ.)

ಕಾಕಾ: ನೆನಪಿದೆ ಅಕ್ಕಾ. ಅವ್ವ ಎಬ್ಬಿಸಲು ಬಂದಿದ್ದಳು. ಅಪ್ಪ ಬೇಡ ಅಂದರು. ನಾನು ಎಚ್ಚರ ಇದ್ದೆ, ಹಾಸಿಗೆಯಲ್ಲೇ ಸುಮ್ನೆ ಮಲಗಿದ್ದೆ.

ಅತ್ಯಾ: ನೀನು ಸಣ್ಣವನು. ನಿನ್ನ ಮೇಲೆ ಏನೂ ಇಲ್ಲ.

ನಾನು: ಅತ್ಯಾ, ಇದನ್ನು ನೀವು ಯಾವತ್ತೂ ಹೇಳಿರಲಿಲ್ಲ.

ಅತ್ಯಾ: ಯಾರು ಕೇಳಿದ್ದರು?

ಕಾಕಾ: ಆದರೂ ಗಣಿತದ ಮಾತು ನಾನು ಬಿಡುವುದಿಲ್ಲ. ಫುಟ್‌ಬಾಲ್‌ನಿಂದ ಹೊಟ್ಟೆ ತುಂಬುತ್ತದೆ ಅಂತ ನನಗೆ ಈಗಲೂ ನಂಬಿಕೆ ಇಲ್ಲ.

ನಾನು: ಬಿಡಬೇಡಿ ಕಾಕಾ. ಮೂವತ್ತು ವರ್ಷಕ್ಕೆ ಅವಳು ಏನು ಮಾಡುತ್ತಾಳೆ ಅಂತ ಇವತ್ತೇ ತೀರ್ಮಾನ ಮಾಡಿ ಅಂತ ನಾನೂ ಕೇಳುತ್ತಿಲ್ಲ. ಸೆಲೆಕ್ಷನ್ ಎರಡು ದಿನ. ಸಿಗದಿದ್ದರೆ ಸೋಮವಾರ ಶಾಲೆಗೆ ಬರುತ್ತಾಳೆ. ಕರೆದುಕೊಂಡು ಹೋಗಿ ಬರೋದು ನನ್ನ ಜವಾಬ್ದಾರಿ. ರೈಲಿನಲ್ಲಿ ಗಣಿತವನ್ನೂ ಮಾಡಿಸುತ್ತೇನೆ.

ಅಣ್ಣ: ಈಗ ಎಲ್ಲ ಓದಿದೆ. ಟಿಕೆಟ್ ನಾನು ಮಾಡಿಸುತ್ತೇನೆ.

ವೈನಿ: ಫಾರ್ಮ್ ಜೊತೆ ಪುಟ್ಟಿಯ ಜನನ ಪ್ರಮಾಣಪತ್ರ ಕೊಡಬೇಕಂತೆ. ಮನೆ ರಿಪೇರಿ ಮಾಡಿಸಿದಾಗ ಕಾಗದಪತ್ರ ಎಲ್ಲ ಕಾಕಾ ಅವರ ಟ್ರೆಜರಿ ಕಪಾಟಿನಲ್ಲಿ ಇಟ್ಟಿದ್ದೆವು.

ಕಾಕಾ: ಇದೆ. ಈಗಷ್ಟೇ ತೆಗೆದು ನೋಡಿದೆ. ಬೆಳಗ್ಗೆ ಜೆರಾಕ್ಸ್ ಮಾಡಿಸಿ ಕಳಿಸಲಾ?

ವೈನಿ: ಒರಿಜಿನಲ್ಲೂ ಬೇಕಂತೆ ಕಾಕಾ.

ಕಾಕಾ: ಹಾಗಾದರೆ ನಾನೇ ತಂದುಕೊಡುತ್ತೇನೆ. ಪುಟ್ಟಿ ಗ್ರೌಂಡಿಗೆ ಎಷ್ಟು ಗಂಟೆಗೆ ಹೋಗುತ್ತಾಳೆ?

ಅತ್ಯಾ: ಐದೂವರೆಗೆ.