ವಿಡಿಯೋ ಕಾಲ್‌ನಲ್ಲಿ ಲಲಿತಾ ಸಹಸ್ರನಾಮ: ದನಿ ಕೂಡುತ್ತಿಲ್ಲ, ಏನು ಮಾಡಬೇಕು?

ತೋಟದಂಚು, ಶಿರಸಿ ಕಡೆ

ನಮ್ಮ ಮಾತೃಮಂಡಳಿಯಲ್ಲಿ 14 ಜನ, ಹೆಚ್ಚಿನವರು 65 ದಾಟಿದವರು. ಮಳೆಗಾಲದಲ್ಲಿ ಒಂದು ಮನೆಯಲ್ಲಿ ಸೇರುವುದು ಕಷ್ಟ ಅಂತ ಶುಕ್ರವಾರ ಸಂಜೆಯ ಪಾರಾಯಣವನ್ನು ವಾಟ್ಸಾಪ್ ವಿಡಿಯೋ ಕಾಲ್‌ಗೆ ತಂದಿದ್ದೇವೆ. ಒಬ್ಬರು ‘ಶ್ರೀಮಾತಾ’ ಅನ್ನುವಾಗ ಇನ್ನೊಬ್ಬರು ‘ಶ್ರೀಮಹಾರಾಜ್ಞೀ’ಯಲ್ಲಿ ಇರುತ್ತಾರೆ. ಹತ್ತು ಶ್ಲೋಕ ಆಗುವಷ್ಟರಲ್ಲಿ ಓಟವೇ ಎಳೆದು ನಿಂತುಹೋಗುತ್ತದೆ. ನಡುನಡುವೆ ಕುಂಯ್ ಅಂತ ಕೀರಲು ಶಬ್ದ ಬೇರೆ. ಮನೆಗಳೆಲ್ಲ ತೋಟದ ತಗ್ಗಿನಲ್ಲಿವೆ, ನೆಟ್‌ವರ್ಕ್ ಎರಡು ಕಡ್ಡಿ. ಬೇರೆ ಸಿಮ್ ಹಾಕಿಸಿದರೆ ಸರಿಯಾದೀತೇ? ಝೂಮ್ ಬೇಕಾದೀತೇ?

ಕಡಲದಂಡೆ, ಕುಮಟಾ

ಸಿಮ್‌ಗೆ ದುಡ್ಡು ಹಾಕಬೇಡಿ. ಐದು ಕಡ್ಡಿ ಇದ್ದರೂ ಇದು ಹೀಗೇ ಆಗುತ್ತದೆ. ಒಂದು ಫೋನಿನ ದನಿ ಇನ್ನೊಂದಕ್ಕೆ ಮುಟ್ಟಲು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚೇ ಹಿಡಿಯುವುದು ಸಾಮಾನ್ಯ. ಮಾತಿಗೆ ಅದು ಗೊತ್ತಾಗುವುದಿಲ್ಲ, ಒಟ್ಟಿಗೆ ಹೇಳುವ ಶ್ಲೋಕಕ್ಕೆ ಮಾತ್ರ ಗೊತ್ತಾಗುತ್ತದೆ. ಪಕ್ಕದವರ ದನಿ ಬರಲಿ ಅಂತ ನೀವು ಕಾಯುತ್ತೀರಿ, ನಿಮ್ಮದು ಬರಲಿ ಅಂತ ಅವರು ಕಾಯುತ್ತಾರೆ. ಓಟ ಎಳೆಯುವುದು ಅದಕ್ಕೇ. ಸಾಲದ್ದಕ್ಕೆ ಆ್ಯಪ್ ಒಬ್ಬರ ದನಿಯನ್ನು ಮೇಲೆತ್ತಿ ಉಳಿದವರದ್ದನ್ನು ಅದುಮಲು ನೋಡುತ್ತದೆ.

ಇದಕ್ಕೆ ದಾರಿ ಒಂದೇ: ಯಾವಾಗಲೂ ಒಬ್ಬರ ದನಿ ಮಾತ್ರ ಕರೆಗೆ ಹೋಗಬೇಕು. ಉಳಿದವರು ಮ್ಯೂಟ್‌ನಲ್ಲಿದ್ದು ತಮ್ಮ ಮನೆಯಲ್ಲಿ ಗಟ್ಟಿಯಾಗಿಯೇ ಹೇಳಲಿ, ಯಾರ ನಾಮವೂ ತಪ್ಪುವುದಿಲ್ಲ. ಬರೀ ಕೇಳಿಸಿಕೊಂಡು ಕೂತ ಹಾಗಾಯಿತು ಅಂತ ಹಿರಿಯರಿಗೆ ಬೇಜಾರಾಗುವುದುಂಟು. ಅದಕ್ಕೆ ಸರದಿ ಹಾಕಿ. ಸಹಸ್ರನಾಮದ ಭಾಗ ಸುಮಾರು 182 ಶ್ಲೋಕ. ನೀವು 14 ಜನ, ತಲಾ 13 ಬಂತು. ಲೆಕ್ಕ ನಿಮಗೋಸ್ಕರವೇ ಮಾಡಿಟ್ಟ ಹಾಗಿದೆ! ಮುಂದಿನವರು ತಮ್ಮ ಸರದಿಗೆ ಎರಡು ಶ್ಲೋಕ ಇರುವಾಗಲೇ ಮೈಕ್ ತೆರೆದಿಟ್ಟುಕೊಳ್ಳಲಿ, ಆದರೆ ಅಲ್ಲಿಯವರೆಗೆ ಮನಸ್ಸಿನಲ್ಲೇ ಹೇಳಲಿ. ಮುಗಿಸಿದವರು ಕೂಡಲೇ ಮುಚ್ಚಲಿ. ಯಾರಾದರೂ ಬರದಿದ್ದರೆ ಅವರ 13 ಶ್ಲೋಕ ಮುಂದಾಳಿನ ಪಾಲು.

ಸರದಿಯನ್ನು ಶ್ಲೋಕದ ಸಂಖ್ಯೆಯಲ್ಲಿ ಬರೆದುಕೊಡಿ. ಪುಟದ ಸಂಖ್ಯೆ ಪ್ರತಿ ಪುಸ್ತಕದಲ್ಲೂ ಬೇರೆ.

ಕೀರಲು ಶಬ್ದದ ಕಾರಣ ಬೇರೆ. ಒಂದೇ ಮನೆಯಲ್ಲಿ ಅತ್ತೆ, ಸೊಸೆ ಎರಡು ಫೋನ್ ಹಿಡಿದು ಕೂತಿರುತ್ತಾರೆ. ಒಂದರ ಸ್ಪೀಕರ್ ದನಿ ಇನ್ನೊಂದರ ಮೈಕ್‌ಗೆ ನುಗ್ಗಿ ಸುತ್ತುತ್ತದೆ. ಒಂದು ಮನೆಗೆ ಒಂದೇ ಫೋನ್ ಸಾಕು.

ಕೋಡಿಬಾಗ, ಕಾರವಾರ

ಮೇಲಿನದು ಸರಿ, ಆದರೆ ಆ ಸರದಿ ನಡೆಯಬೇಕಾದರೆ ಮ್ಯೂಟ್ ಗುಂಡಿ ಎಲ್ಲರ ಕೈಗೂ ಬಂದಿರಬೇಕು. ಕಲಿಸುವಾಗ ಪೂರ್ತಿ ಫೋನ್ ಕಲಿಸಲು ಹೋಗಬೇಡಿ. ಕರೆ ಎತ್ತುವುದು, ಮೈಕ್ ಚಿತ್ರ ಒಮ್ಮೆ ಮುಟ್ಟಿದರೆ ದನಿ ಮುಚ್ಚುತ್ತದೆ, ಇನ್ನೊಮ್ಮೆ ಮುಟ್ಟಿದರೆ ತೆರೆಯುತ್ತದೆ ಅನ್ನುವುದು, ಕೆಂಪು ಗುಂಡಿ ಮುಟ್ಟಿದರೆ ಕರೆ ಹೋಯಿತು ಅನ್ನುವುದು, ಇಷ್ಟೇ. ಮೊದಲ ಕೆಲವು ದಿನ ಮನೆಯವರೇ ಜಗಲಿಯಿಂದ ದೇವರ ಕೋಣೆಗೆ ಕರೆ ಮಾಡಿ ರೂಢಿ ಮಾಡಿಸಲಿ, ಆಮೇಲೆ ಗುಂಪು.

ಒತ್ತಿದರೂ ಆಗುತ್ತಿಲ್ಲ ಅನ್ನುವವರ ಬೆರಳು ನೋಡಿ. ಉಗುರಿನಿಂದ ಕುಟ್ಟುತ್ತಿದ್ದರೆ ಸ್ಕ್ರೀನ್‌ಗೆ ತಿಳಿಯುವುದೇ ಇಲ್ಲ, ಬೆರಳಿನ ಮಾಂಸ ತಾಗಬೇಕು. ಅಭಿಷೇಕ ಮುಗಿಸಿದ ಒದ್ದೆ ಕೈಯೂ ಎಣ್ಣೆ ಕೈಯೂ ಆಗದು. ಒಂದು ಬಟ್ಟೆ ಪಕ್ಕದಲ್ಲಿರಲಿ. ಒತ್ತಿ ಹಿಡಿದರೆ ಬೇರೇನೋ ತೆರೆದುಕೊಳ್ಳುತ್ತದೆ. ಮುಟ್ಟಿ ಬಿಡಬೇಕು, ಕುಂಕುಮ ಇಟ್ಟಷ್ಟು ಹಗುರಾಗಿ.

ಫೋನ್ ಇಡಲು ಸ್ಟ್ಯಾಂಡ್ ತರಬೇಕೆಂದಿಲ್ಲ, ಪುರಾಣ ಓದುವ ವ್ಯಾಸಪೀಠ ಎಲ್ಲಕ್ಕಿಂತ ಚೆನ್ನ. ದೀಪ ಬೆನ್ನ ಹಿಂದೆ ಬಂದರೆ ಮುಖ ಕಪ್ಪಾಗುತ್ತದೆ. ಬೆಳಕು ಎದುರಿನಿಂದ ಬರಲಿ. ಫೋನಿನ ತಳದಂಚಿನ ಸಣ್ಣ ತೂತೇ ಮೈಕ್. ಅಲ್ಲಿ ಬೆರಳು ಅಥವಾ ಸೆರಗು ಬಂದರೆ ದನಿ ಮುಚ್ಚಿಹೋಗುತ್ತದೆ.

ಗುಂಪಿನ ಸೆಟ್ಟಿಂಗ್‌ನಲ್ಲಿ ಸಂದೇಶ ಹಾಕುವ ಅಧಿಕಾರ ಅಡ್ಮಿನ್‌ಗಳಿಗೆ ಮಾತ್ರ ಕೊಡಿ. ಇಲ್ಲವಾದರೆ ಶುಭೋದಯದ ಹೂವುಗಳ ಅಡಿಯಲ್ಲಿ ಸರದಿಯ ಪಟ್ಟಿ ಹೂತುಹೋಗುತ್ತದೆ.

ಕಾನಂಚು, ಸಿದ್ದಾಪುರ

ಆ್ಯಪ್ ಬದಲಿಸುವುದು ನನಗೆ ಸರಿ ಕಾಣುವುದಿಲ್ಲ. ವಾಟ್ಸಾಪ್ ಕರೆಗೆ 32 ಜನ ಸೇರಬಹುದು, ನಿಮಗೆ ಧಾರಾಳ. ಝೂಮ್ ಪುಕ್ಕಟೆ ಖಾತೆ 40 ನಿಮಿಷಕ್ಕೆ ಮುಚ್ಚಿಕೊಳ್ಳುತ್ತದೆ. ಶ್ಲೋಕಕ್ಕೆ 10 ಸೆಕೆಂಡ್ ಹಿಡಿದರೂ 182ಕ್ಕೆ ಅರ್ಧ ಗಂಟೆ ಬೇಕು. ಅದಕ್ಕೆ ಧ್ಯಾನ, ಫಲಶ್ರುತಿ, ಮಂಗಳಾರತಿ ಸೇರಿಸಿದರೆ ಆರತಿಯ ಹೊತ್ತಿಗೆ ಸರಿಯಾಗಿ ಕರೆ ಹೋಗಿರುತ್ತದೆ. ಗೂಗಲ್ ಮೀಟ್ 60 ನಿಮಿಷ ಕೊಡುತ್ತದೆ. ಆದರೆ ಕುಂಕುಮಾರ್ಚನೆಗೆ 1000 ನಾಮವನ್ನೂ ‘ನಮಃ’ ಸೇರಿಸಿ ಹೇಳಿದರೆ, ನಾಮಕ್ಕೆ 3 ಸೆಕೆಂಡ್‌ನಂತೆ ಅದೇ 50 ನಿಮಿಷ ನುಂಗುತ್ತದೆ.

ತಗ್ಗಿನ ಮನೆಗಳಿಗೆ: ಸರದಿ ಬಂದವರು ಮಾತ್ರ ಕ್ಯಾಮೆರಾ ಹಾಕಲಿ. ದನಿಗೆ ಬೇಕಾದ ಡೇಟಾ ಬಹಳ ಕಡಿಮೆ, ತಿನ್ನುವುದು ಚಿತ್ರ. ವಾಟ್ಸಾಪ್ ಸೆಟ್ಟಿಂಗ್‌ನ ಸ್ಟೋರೇಜ್ ಮತ್ತು ಡೇಟಾದಲ್ಲಿ ಕರೆಗೆ ಕಡಿಮೆ ಡೇಟಾ ಬಳಸುವ ಆಯ್ಕೆ ಇದೆ, ಅದನ್ನೂ ಹಾಕಿಡಿ. ದೇವರ ಕೋಣೆ ದಪ್ಪ ಗೋಡೆಯ ನಡುವೆ ಇದ್ದರೆ ಜಗಲಿಗೆ ಬನ್ನಿ.

ಫೈಬರ್ ಇರುವ ಮನೆಗಳಲ್ಲಿ ಕರೆಂಟ್ ಹೋದರೆ ರೌಟರೂ ಹೋಗುತ್ತದೆ. ರೌಟರ್‌ನ ಸಣ್ಣ ಯುಪಿಎಸ್ ಸಿಗುತ್ತದೆ. ಕೊಳ್ಳುವ ಮೊದಲು ಅಡಾಪ್ಟರ್ ಮೇಲೆ ಬರೆದ ವೋಲ್ಟ್, ಆಂಪಿಯರ್ ನೋಡಿಕೊಳ್ಳಿ. ಹೆಚ್ಚಿನವು 12 ವೋಲ್ಟ್, ಆದರೆ 9 ವೋಲ್ಟಿನವೂ ಇವೆ.

ತೋಟದಂಚು

ತುಂಬಾ ಉಪಕಾರ. ಕೊನೆಗೆ ಒಂದು ಭಜನೆ ಇದೆ, ತಾಳದ ಜೊತೆ. ಶ್ರುತಿಪೆಟ್ಟಿಗೆ ಹಾಕಿದರೆ ಬೇರೆಯವರಿಗೆ ಒಮ್ಮೆ ಕೇಳಿಸುತ್ತದೆ, ಒಮ್ಮೆ ಇಲ್ಲ. ಯಾಕೆ?

ಕಡಲದಂಡೆ, ಕುಮಟಾ

ಒಂದೇ ಸಮನೆ ಬರುವ ಶಬ್ದವನ್ನು ಆ್ಯಪ್ ಫ್ಯಾನಿನ ಸದ್ದು ಅಂತ ತಿಳಿದು ಅಳಿಸಿಬಿಡುತ್ತದೆ. ಝೂಮ್‌ನಲ್ಲಾದರೆ ‘ಒರಿಜಿನಲ್ ಸೌಂಡ್’ ಹಾಕಿ ಇದನ್ನು ತಡೆಯಬಹುದು. ವಾಟ್ಸಾಪ್‌ನಲ್ಲಿ ಶ್ರುತಿ ದಾಟಿಸುವ ಗೋಜು ಬೇಡ. ಎಲ್ಲರೂ ತಮ್ಮ ತಮ್ಮ ಮನೆಯಲ್ಲಿ ಒಂದೇ ಮಟ್ಟದ ಶ್ರುತಿ ಹಚ್ಚಿಕೊಳ್ಳಲಿ, ಹೆಂಗಸರ ದನಿಗೆ ಶ್ರುತಿಪೆಟ್ಟಿಗೆಯ ಐದು ಅಥವಾ ಐದೂವರೆ. ತಾಳ ಮಾತ್ರ ಹಾಡುವವರ ಮನೆಯಲ್ಲೇ ಇರಬೇಕು, ಫೋನಿನಿಂದ ನಾಲ್ಕಡಿ ದೂರ. ಹತ್ತಿರ ಹೊಡೆದರೆ ಪ್ರತಿ ಪೆಟ್ಟಿಗೂ ಹಾಡು ಅಡಗಿ ತಾಳವೊಂದೇ ಕೇಳಿಸುತ್ತದೆ.