‘ಪ್ರತಿಕ್ರಿಯೆ’ ಬೇಡ, ‘ಒಡನಾಟ’ ಆದೀತೇ?

ಎಲ್ಲರಿಗೂ ನಮಸ್ಕಾರ.

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ರಸಾಯನಶಾಸ್ತ್ರದ ಪಾಠವೊಂದನ್ನು ಬರೆಯುತ್ತಿದ್ದೇನೆ. ಸರ್ಫ್ಯಾಕ್ಟಂಟ್ (ಸೋಪಿನಂಥ ವಸ್ತು) ಮತ್ತು ಪಾಲಿಮರ್ (ಸರಪಳಿಯಂತೆ ಉದ್ದನೆಯ ಅಣು) ನೀರಿನಲ್ಲಿ ಸೇರಿದಾಗ ಏನಾಗುತ್ತದೆ ಎನ್ನುವುದು ವಿಷಯ. ಆ ಎರಡು ಹೆಸರು ಹಾಗೆಯೇ ಇರಲಿ. ಅವುಗಳ ನಡುವೆ ನಡೆಯುವುದಕ್ಕೆ ಒಂದು ಪದ ಬೇಕು. ‘ಪ್ರತಿಕ್ರಿಯೆ’ ಅಂದರೆ ಹೊಸ ವಸ್ತು ಹುಟ್ಟಿತು ಅಂತ ಮಕ್ಕಳು ತಿಳಿಯುತ್ತಾರೆ. ‘ಬಂಧ’ ಅಂದರೂ ಅದೇ ಗೋಳು. ಇಲ್ಲಿ ಎರಡೂ ಇಲ್ಲ, ಅಲ್ವಾ?

ಸೋಡಿಯಂ ಡೋಡೆಸಿಲ್ ಸಲ್ಫೇಟ್ ಎಂಬ ಸರ್ಫ್ಯಾಕ್ಟಂಟನ್ನೇ ನೋಡಿ. ಅದರ ತಲೆಗೆ ನೀರು ಬೇಕು, ಬಾಲಕ್ಕೆ ಬೇಡ. ಬರೀ ನೀರಿನಲ್ಲಿ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಲೀಟರಿಗೆ ಸುಮಾರು 8 ಮಿಲಿಮೋಲ್ ಆದಾಗ ಬಾಲಗಳು ಒಳಗೆ ಸೇರಿಕೊಂಡು ಮಿಸೆಲ್ ಎಂಬ ಗುಂಪು ಕಟ್ಟುತ್ತವೆ. ಪಾಲಿಎಥಿಲೀನ್ ಆಕ್ಸೈಡ್ ಎಂಬ ಪಾಲಿಮರ್ ಇದ್ದರೆ ಅಷ್ಟು ಬೇಕಾಗುವುದಿಲ್ಲ. ಸುಮಾರು 4-5 ಮಿಲಿಮೋಲ್‌ಗೇ ಪಾಲಿಮರ್ ಸರಪಳಿಯ ಉದ್ದಕ್ಕೂ ಪುಟ್ಟ ಪುಟ್ಟ ಗುಂಪುಗಳು ಏಳುತ್ತವೆ. ಸರಪಳಿ ಗುಂಪಿನ ಮೈಗೆ ಸುತ್ತಿಕೊಂಡು, ಬಾಲದ ಬಯಲಾದ ಭಾಗವನ್ನು ನೀರಿನಿಂದ ಮರೆಮಾಡುತ್ತದೆ. ಹಾಗಾಗಿ ಗುಂಪು ಕಟ್ಟುವುದು ಸುಲಭ.

ಸರ್ಫ್ಯಾಕ್ಟಂಟ್ ಹೆಚ್ಚಿಸುತ್ತಾ ಹೋದಂತೆ ನೀರಿನ ಮೇಲ್ಮೈ ಎಳೆತ ಹೇಗೆ ಬದಲಾಗುತ್ತದೆ ಎಂಬ ಗೆರೆ ಬರೆದರೆ ಇದು ಕಣ್ಣಿಗೇ ಕಾಣುತ್ತದೆ. ಬರೀ ನೀರಿಗೆ ಒಂದೇ ತಿರುವು. ಪಾಲಿಮರ್ ಇದ್ದರೆ ಎರಡು. ಮೊದಲನೆಯ ತಿರುವಿನಲ್ಲಿ ಗುಂಪುಗಳು ಸರಪಳಿ ಹಿಡಿಯುತ್ತವೆ. ಸರಪಳಿ ತುಂಬಿದ ಮೇಲೆ, ಎರಡನೆಯದರಲ್ಲಿ, ಬಿಡಿ ಮಿಸೆಲ್‌ಗಳು ಬರುತ್ತವೆ. ಈ ಎರಡು ಸಾರತೆಗಳಿಗೂ (ಲೀಟರಿಗೆ ಎಷ್ಟು ಕರಗಿದೆ ಎಂಬ ಅಳತೆ) ಹೆಸರು ಬೇಕು. ‘ಹಿಡಿತ ತೊಡಗುವ ಸಾರತೆ’, ‘ಸರಪಳಿ ತುಂಬುವ ಸಾರತೆ’ ಎಂದು ಬರೆದಿಟ್ಟಿದ್ದೇನೆ.

ಪಾಲಿಮರ್ ಮತ್ತು ಸರ್ಫ್ಯಾಕ್ಟಂಟ್‌ಗೆ ವಿರುದ್ಧ ವಿದ್ಯುದಂಶ (ಒಂದಕ್ಕೆ ಧನ, ಇನ್ನೊಂದಕ್ಕೆ ಋಣ) ಇದ್ದರೆ ಸೆಳೆತ ತುಂಬಾ ಜೋರು. ಹತ್ತಾರು ಪಾಲು ಕಡಿಮೆ ಸಾರತೆಯಲ್ಲೇ ಹಿಡಿತ ಶುರು. ವಿದ್ಯುದಂಶ ಸರಿಸಮ ಆಗುವ ಹೊತ್ತಿಗೆ ದ್ರಾವಣ ಮಬ್ಬಾಗಿ ತಳದಲ್ಲಿ ಗಷ್ಟು (ಮಡ್ಡಿ) ಕೂರುತ್ತದೆ. ಸರ್ಫ್ಯಾಕ್ಟಂಟ್ ಇನ್ನೂ ಜಾಸ್ತಿಯಾದರೆ ಎಷ್ಟೋ ಸಲ ಮತ್ತೆ ಕರಗುತ್ತದೆ. ಕಂಡಿಷನಿಂಗ್ ಶಾಂಪೂ ಕೆಲಸ ಮಾಡುವುದು ಇದರಿಂದಲೇ: ತಲೆಗೆ ನೀರು ಹುಯ್ದು ತೆಳುವಾದಾಗ ಎರಡೂ ಕೂಡಿದ ಪದರ ಕೂದಲಿನ ಮೇಲೆ ಕೂರುತ್ತದೆ.

ಇದಕ್ಕೆಲ್ಲ ‘ಒಡನಾಟ’ ನನಗೆ ಹಿಡಿಸಿದೆ. ಒಟ್ಟಿಗಿದ್ದರೂ ಇಬ್ಬರೂ ಅವರವರೇ ಆಗಿರುತ್ತಾರೆ ಅನ್ನುವ ಅರ್ಥ ಅದರಲ್ಲಿದೆ. ‘ಅಂತರಕ್ರಿಯೆ’ ಕೇಳಿದರೆ ಮಕ್ಕಳ ಮುಖ ಬಾಡುತ್ತದೆ.

ಇನ್ನೊಂದು ವಿಷಯ. ನಮ್ಮ ಕಡೆ ದಾಸವಾಳ ಸೊಪ್ಪಿನ ಗೊಂಪು (ತಲೆಗೆ ಹಚ್ಚುವ ಲೋಳೆ) ಮಾಡುತ್ತೇವೆ. ಆ ಲೋಳೆ ಸಹಜ ಪಾಲಿಮರ್. ಅಂಟುವಾಳದ ನೊರೆಯಲ್ಲಿರುವ ಸಪೋನಿನ್ ಸಹಜ ಸರ್ಫ್ಯಾಕ್ಟಂಟ್. ಇವೆರಡನ್ನೂ ಕಲಸುವ ಮನೆಗಳಲ್ಲಿ, ಲೋಳೆ ಮತ್ತು ನೊರೆ ಒಂದಾದಾಗ ಏನನ್ನುತ್ತಾರೆ? ‘ಬೆರೆಯಿತು’, ‘ಹಿಡಿಯಿತು’, ‘ಕೂಡಿತು’ ಇದರಲ್ಲಿ ಯಾವುದು? ಮಂಜೇಶ್ವರ, ಬದಿಯಡ್ಕದ ಕಡೆಯವರು ನಿಮ್ಮ ಮನೆಮಾತಿನ ಪದವನ್ನು ಬಳಕೆಯ ವಾಕ್ಯದೊಂದಿಗೆ ಬರೆದು ತಿಳಿಸಿ.